ಮನೆ ಬಾಗಿಲಿಗೆ ಬಂದ ದವಾಖಾನೆ

ಕಾಲೇಜಿನ ಗೆಳೆತನ ಮದುವೆಯ ಕರೆಯೋಲೆಯೊಂದಿಗೆ ಮುಗಿದುಹೋಗುತ್ತದೆ ಎನ್ನುವವರುಂಟು. ಅಮೆರಿಕದ ಕಪ್ಪು ಮಹಿಳೆಯರ ‘ಸೊರಾರಿಟಿ’ಗಳ ಕಥೆ ಬೇರೆಯೇ.

ಸೊರಾರಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿನಿಯರ ಸಂಘ. ಪದವಿ ಪಡೆದು ಹೊರಬಿದ್ದ ಮಾತ್ರಕ್ಕೆ ಇಲ್ಲಿ ನಂಟು ಕಡಿಯುವುದಿಲ್ಲ. ಹಳೆಯ ವಿದ್ಯಾರ್ಥಿನಿಯರಿಗೆಂದೇ ಊರೂರಲ್ಲಿ ಶಾಖೆಗಳಿವೆ. ಶಿಕ್ಷಕಿಯರು, ದಾದಿಯರು, ವೈದ್ಯೆಯರು ಅಲ್ಲಿ ಕೊನೆಯವರೆಗೂ ಅಕ್ಕತಂಗಿಯರಾಗಿಯೇ ಉಳಿಯುತ್ತಾರೆ.

ಕಪ್ಪು ವಿದ್ಯಾರ್ಥಿನಿಯರು ಕಟ್ಟಿಕೊಂಡ ಇಂಥ ಸಂಘಗಳಲ್ಲಿ ಹಿರಿಯದು ‘ಆಲ್ಫಾ ಕಪ್ಪಾ ಆಲ್ಫಾ’. ಅದು ಹುಟ್ಟಿದ್ದು 1908ರ ಜನವರಿಯಲ್ಲಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಓದುವಾಗ ಸೇರಿದ್ದು ಇದೇ ಸಂಘಕ್ಕೆ.

ಈ ಸೋದರಿತನದ ನಿಜವಾದ ಪರೀಕ್ಷೆ ನಡೆದದ್ದು ಮಿಸಿಸಿಪಿಯ ಹತ್ತಿ ತೋಟಗಳಲ್ಲಿ. ಸಂಘದ ಅಧ್ಯಕ್ಷೆ ಐಡಾ ಜಾಕ್ಸನ್ 1934ರ ಬೇಸಿಗೆಯಲ್ಲಿ ಅಲ್ಲಿನ ಹಳ್ಳಿ ಶಿಕ್ಷಕರಿಗಾಗಿ ತರಬೇತಿ ಶಾಲೆ ನಡೆಸಿದರು. ಆಗ ಕಣ್ಣಿಗೆ ಬಿದ್ದದ್ದು ಅಕ್ಷರದ ಬರ ಮಾತ್ರವಲ್ಲ. ರೋಗ ಮತ್ತು ಹಸಿವು ಕೂಡ. ಮೈಯಲ್ಲಿ ಕಸುವಿಲ್ಲದ ಮಗು ಪಾಠ ಕಲಿಯುವುದಾದರೂ ಹೇಗೆ?

ಮರುವರ್ಷ, ಅಂದರೆ 1935ರಲ್ಲಿ, ಡಾ. ಡೊರೊತಿ ಫೆರೆಬಿ ಅವರ ಮುಂದಾಳ್ತನದಲ್ಲಿ ವೈದ್ಯಕೀಯ ತಂಡವೊಂದು ಕಾರುಗಳಲ್ಲಿ ಹೋಮ್ಸ್ ಕೌಂಟಿಗೆ ಹೊರಟಿತು. ಎಲ್ಲರೂ ಸ್ವಯಂಸೇವಕಿಯರು. ವರ್ಣಭೇದದ ಕಟ್ಟುಪಾಡು ಬಿಗಿಯಾಗಿದ್ದ ಆ ದಿನಗಳಲ್ಲಿ ದಕ್ಷಿಣದ ದಾರಿ ಹಿಡಿಯುವುದಕ್ಕೇ ಎದೆಗಾರಿಕೆ ಬೇಕಿತ್ತು.

ಚಿಕಿತ್ಸಾ ಕೇಂದ್ರಗಳನ್ನು ತೆರೆದದ್ದೇನೋ ಸರಿ, ರೋಗಿಗಳು ಬರಬೇಕಲ್ಲ! ಪಾಲಿಗೆ ದುಡಿಯುವ ಕಪ್ಪು ಕುಟುಂಬಗಳನ್ನು ತೋಟದ ಮಾಲೀಕರು ಹೊರಗೆ ಬಿಡಲೊಲ್ಲರು. ಈ ಹೆಂಗಸರು ಆಳುಗಳ ತಲೆ ಕೆಡಿಸಲು ಬಂದವರು ಎಂಬ ಗುಮಾನಿ ಅವರದು. ವೈದ್ಯೆಯರು ಬರಿಗೈಲಿ ವಾಪಸಾಗಲಿಲ್ಲ. ಔಷಧಿ, ಸಲಕರಣೆಗಳನ್ನೆಲ್ಲ ಕಾರುಗಳಿಗೆ ತುಂಬಿ ತೋಟದೊಳಕ್ಕೇ ನಡೆದರು. ಕಾರೇ ದವಾಖಾನೆಯಾಯಿತು.

ಮಾಲೀಕರ ಕಡೆಯವರ ಕಣ್ಗಾವಲಿನಲ್ಲೇ ಮಕ್ಕಳಿಗೆ ಸಿಡುಬು ಮತ್ತು ಗಂಟಲಮಾರಿಯ ಲಸಿಕೆ ಹಾಕಿದರು. ಹಲ್ಲು ನೋಡಿದರು. ತಾಯಂದಿರಿಗೆ ಆಹಾರ, ಶುಚಿತ್ವದ ತಿಳಿವಳಿಕೆ ಕೊಟ್ಟರು. ಒಂದು ಬೇಸಿಗೆಗೆ ಮುಗಿಯಲಿಲ್ಲ ಈ ಕೆಲಸ. ಬೇಸಿಗೆ ಬಂತೆಂದರೆ ಕಾರುಗಳೂ ಬಂದವು, 1942ರವರೆಗೆ. ಮಹಾಯುದ್ಧದ ಕಾಲದ ಪೆಟ್ರೋಲ್ ಮತ್ತು ಟೈರುಗಳ ಅಭಾವ ಕೊನೆಗೆ ಅವುಗಳನ್ನು ನಿಲ್ಲಿಸಿತು.

ಇದರಿಂದ ಬಡತನ ನೀಗಿತೇ? ಇಲ್ಲ. ಲಸಿಕೆ ಹಾಕಿಸಿಕೊಂಡ ಮಗು ಮರಳುತ್ತಿದ್ದುದು ಅದೇ ಗುಡಿಸಲಿಗೆ, ಅದೇ ಅರೆಹೊಟ್ಟೆಗೆ. ಸಾಲದ ಲೆಕ್ಕ ಮಾಲೀಕನ ಪುಸ್ತಕದಲ್ಲೇ ಉಳಿದಿತ್ತು. ಕೆಲವು ವಾರಗಳ ಸೇವೆ ಅದನ್ನು ಅಳಿಸಲಾರದು.

ಆದರೂ ಗಂಟಲಮಾರಿ ಬಾರದೆ ಉಳಿದ ಮಗುವಿನ ತಾಯಿಗೆ ಅದು ಸಣ್ಣ ಸಂಗತಿಯಲ್ಲ. ಓದಿ ಮುಂದೆ ಹೋದವರು ಹಿಂದೆ ಉಳಿದವರನ್ನು ಹುಡುಕಿಕೊಂಡು ಬಂದಿದ್ದರು. ಒಂದೇ ಕಾಲೇಜಿನಲ್ಲಿ ಓದಿದವರಷ್ಟೇ ಸೋದರಿಯರಲ್ಲ ಎಂಬುದನ್ನು ಭಾಷಣದಲ್ಲಲ್ಲ, ಧೂಳು ತುಂಬಿದ ರಸ್ತೆಯಲ್ಲಿ ತೋರಿಸಿಕೊಟ್ಟಿದ್ದರು.