ಅಂಕಿತನಾಮಗಳ ಉಚ್ಚಾರಣ ಭೇದ: ಬರಹ, ಮಾತು ಮತ್ತು ದಾಖಲೆ

ಕನ್ನಡ ವ್ಯಾಕರಣಗಳು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂದು ವಿಂಗಡಿಸುತ್ತವೆ. ರೂಢನಾಮವೊಂದರ ಉಚ್ಚಾರಣೆ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದರೆ ಅದನ್ನು ಉಪಭಾಷೆಯ ವೈಶಿಷ್ಟ್ಯವೆಂದು ಗುರುತಿಸಲಾಗುತ್ತದೆ. ಅದೇ ಬಗೆಯ ಭೇದ ಅಂಕಿತನಾಮದಲ್ಲಿ ಕಂಡುಬಂದಾಗ ಅದನ್ನು ತಪ್ಪೆಂದು ಎಣಿಸಲಾಗುತ್ತದೆ. ಅಂಕಿತನಾಮವು ಒಬ್ಬನೇ ವ್ಯಕ್ತಿಯನ್ನು ಸೂಚಿಸುವುದರಿಂದ ಅದಕ್ಕೆ ಒಂದೇ ಶುದ್ಧರೂಪವಿರಬೇಕೆಂಬ ನಂಬಿಕೆ ಇದರ ಹಿಂದಿದೆ.

ಈ ನಂಬಿಕೆಯ ಪರಿಣಾಮ ಕೇವಲ ಶಾಸ್ತ್ರಚರ್ಚೆಗೆ ಸೀಮಿತವಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗಗಳಲ್ಲಿ ಹಣಮಂತ, ಹಣಮವ್ವ ಎಂಬ ಹೆಸರುಗಳು ಸಾಮಾನ್ಯ. ಮನೆಯಲ್ಲಿಯೂ ಪಹಣಿಯಲ್ಲಿಯೂ 'ಹಣಮಂತ' ಎಂದಿರುವ ಹೆಸರನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ 'ಹನುಮಂತ' ಎಂದು ತಿದ್ದಿ ಬರೆದರೆ, ಮುಂದೆ ಇಬ್ಬರೂ ಒಬ್ಬನೇ ಎಂದು ಪ್ರಮಾಣಪತ್ರದ ಮೂಲಕ ಸ್ಥಾಪಿಸುವ ಹೊಣೆ ಆ ವ್ಯಕ್ತಿಯ ಮೇಲೆ ಬೀಳುತ್ತದೆ. 1969ರ ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮದ 15ನೆಯ ಪ್ರಕರಣವು ತಪ್ಪಾದ ನಮೂದನ್ನು ಸರಿಪಡಿಸಲು ಅವಕಾಶ ನೀಡುತ್ತದೆ. ಆದರೆ 'ಹಣಮಂತ' ಎಂಬುದು ತಪ್ಪಾದ ನಮೂದೇ ಎಂಬ ಪ್ರಶ್ನೆಗೆ ಕಾನೂನು ಉತ್ತರಿಸಲಾರದು. ಭಾಷೆಯ ಇತಿಹಾಸ ಉತ್ತರಿಸಬೇಕು. ಹೆಸರಿನ ಉಚ್ಚಾರಣೆಯನ್ನು ನಿರ್ಣಯಿಸುವಲ್ಲಿ ಲಿಪಿ, ಮಾತು ಮತ್ತು ದಾಖಲೆ ಎಂಬ ಮೂರು ಪ್ರಮಾಣಗಳು ಕೆಲಸ ಮಾಡುತ್ತವೆ. ಇವು ಪರಸ್ಪರ ವಿರೋಧಿಸುವ ಸಂದರ್ಭಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತದ್ಭವನಾಮಗಳ ಪರಂಪರೆ

ಸಂಸ್ಕೃತ ಮೂಲದ ಹೆಸರುಗಳನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಳ್ಳುವ ಕ್ರಮ ಇಂದಿನದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಋಕಾರ, ಶಕಾರ, ಷಕಾರಗಳನ್ನು ಅಚ್ಚಗನ್ನಡದ ವರ್ಣಗಳಲ್ಲಿ ಸೇರಿಸುವುದಿಲ್ಲ. ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ಹೊಂದುವ ಮಾರ್ಪಾಡುಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಡುತ್ತಾನೆ. 'ಅಪಭ್ರಂಶ' ಎಂಬುದು ಇಲ್ಲಿ ನಿಂದೆಯ ಮಾತಲ್ಲ, ನಿಯಮಬದ್ಧವಾದ ಪ್ರಕ್ರಿಯೆಯೊಂದರ ಹೆಸರು.

ಶಾಸನಗಳು ಇದನ್ನು ಸಮರ್ಥಿಸುತ್ತವೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕನ್ನರದೇವನಾಗಿ ಕಾಣಿಸಿಕೊಳ್ಳುತ್ತಾನೆ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರಾದ ಬಿಟ್ಟಿದೇವ, ಬಿಟ್ಟಿಗ ಎಂಬುದರಲ್ಲಿನ 'ಬಿಟ್ಟಿ'ಯನ್ನು 'ವಿಷ್ಣು'ವಿನ ತದ್ಭವವೆಂದು ವಿದ್ವಾಂಸರು ವಿವರಿಸಿದ್ದಾರೆ. ದೊರೆಗಳ ಹೆಸರುಗಳೇ ಹೀಗೆ ಕಲ್ಲಿನ ಮೇಲೆ ತದ್ಭವರೂಪದಲ್ಲಿ ಕೆತ್ತಲ್ಪಟ್ಟಿರುವಾಗ ಆ ರೂಪಗಳನ್ನು ಅಜ್ಞಾನಮೂಲವೆನ್ನಲಾಗದು. ಎಲ್ಲಕ್ಕಿಂತ ಪ್ರಬಲವಾದ ನಿದರ್ಶನ 'ಬಸವ'. ಇದು 'ವೃಷಭ' ಶಬ್ದದ ತದ್ಭವ. ಬಸವಣ್ಣನವರ ಹೆಸರನ್ನು ಯಾರೂ ವೃಷಭಣ್ಣ ಎಂದು ಶುದ್ಧೀಕರಿಸಲು ಹೊರಡುವುದಿಲ್ಲ. ಬಸವನಿಗೆ ದೊರೆತ ಈ ಮನ್ನಣೆ ಹಣಮಂತನಿಗೆ ದೊರೆಯದಿರುವುದಕ್ಕೆ ಧ್ವನಿಶಾಸ್ತ್ರದಲ್ಲಿ ಕಾರಣವಿಲ್ಲ. ಒಂದು ರೂಪಕ್ಕೆ ಸಾಹಿತ್ಯದ ಪ್ರತಿಷ್ಠೆ ಲಭಿಸಿತು, ಇನ್ನೊಂದು ಊರಿನ ಮಾತಾಗಿಯೇ ಉಳಿಯಿತು.

ವಿವಾದಕ್ಕೊಳಗಾದ ಧ್ವನಿಗಳು

ಹೆಸರುಗಳಲ್ಲಿ ಹೆಚ್ಚಿನ ಚರ್ಚೆಗೆ ಎಡೆಮಾಡುವುದು ಋಕಾರ. 'ಕೃಷ್ಣ'ವನ್ನು ಕನ್ನಡ, ತೆಲುಗು, ಮರಾಠಿ, ಒಡಿಯಾ ಭಾಷಿಕರು ಸಾಮಾನ್ಯವಾಗಿ 'ಕ್ರುಷ್ಣ' ಎಂಬುದಕ್ಕೆ ಸಮೀಪವಾಗಿ ಓದಿದರೆ, ಹಿಂದೀ ಭಾಷಿಕರು 'ಕ್ರಿಷ್ಣ' ಎನ್ನುತ್ತಾರೆ. ಇವೆರಡೂ ಪ್ರಾಚೀನ ಧ್ವನಿಯ ಯಥಾರೂಪಗಳಲ್ಲ. ಋಕಾರವು ಮೂಲತಃ ರೇಫವೇ ಪ್ರಧಾನವಾಗಿದ್ದ ಸ್ವರ. ಅದರ ಉಚ್ಚಾರಣಸ್ಥಾನದ ವಿಷಯದಲ್ಲಿ ಪ್ರಾಚೀನರಲ್ಲಿಯೇ ಒಮ್ಮತವಿರಲಿಲ್ಲ: ಪಾಣಿನೀಯರು ಅದನ್ನು ಮೂರ್ಧನ್ಯವೆಂದರೆ, ಋಗ್ವೇದ ಪ್ರಾತಿಶಾಖ್ಯವು ಜಿಹ್ವಾಮೂಲದಲ್ಲಿ ಹುಟ್ಟುವುದೆನ್ನುತ್ತದೆ. ಕನ್ನಡದ ತದ್ಭವಗಳಂತೂ ಈ ಒಂದೇ ಅಕ್ಷರದಿಂದ ಹಲವು ಸ್ವರಗಳನ್ನು ಪಡೆದಿವೆ. ವೃಷಭ 'ಬಸವ'ವಾದಾಗ ಅಕಾರ, ಋಷಿ 'ರಿಸಿ'ಯಾದಾಗ ಇಕಾರ, ಪೃಥ್ವಿ 'ಪೊಡವಿ'ಯಾದಾಗ ಒಕಾರ ಉಳಿಯುತ್ತವೆ. ಕೃಷ್ಣ ಎಂಬ ಒಂದೇ ಹೆಸರು ಕನ್ನರ ಎಂದೂ ಕಿಟ್ಟ ಎಂದೂ ಎರಡು ದಾರಿ ಹಿಡಿದಿದೆ. ಆದುದರಿಂದ ರುಕಾರವೇ ಶುದ್ಧ, ರಿಕಾರ ಅಶುದ್ಧ ಎಂದಾಗಲಿ, ಅದಕ್ಕೆ ವಿರುದ್ಧವಾಗಿಯಾಗಲಿ ತೀರ್ಮಾನಿಸಲು ಇತಿಹಾಸದ ಬೆಂಬಲವಿಲ್ಲ.

ಜ್ಞಕಾರದ ಸ್ಥಿತಿಯೂ ಇದೇ. 'ಪ್ರಜ್ಞಾ' ಎಂಬ ಹೆಸರಿನ ಒತ್ತಕ್ಷರವು ಕನ್ನಡದಲ್ಲಿ 'ಗ್ನ'ಕ್ಕೆ ಸಮೀಪವಾಗಿಯೂ ಮರಾಠಿಯಲ್ಲಿ 'ದ್ನ್ಯ' ಎಂದೂ ಹಿಂದಿಯಲ್ಲಿ 'ಗ್ಯ' ಎಂದೂ ಕೇಳಿಬರುತ್ತದೆ. ಬರಹದಲ್ಲಿರುವಂತೆ ಜಕಾರದ ಮೇಲೆ ಞಕಾರವನ್ನು ಸ್ಪಷ್ಟವಾಗಿ ನುಡಿಯುವವರು ವಿರಳ. ಲಿಪಿ ಒಂದೇ ಆಗಿರುವವರೆಗೆ ಈ ಭೇದ ತೊಡಕನ್ನುಂಟುಮಾಡುವುದಿಲ್ಲ. ರೋಮನ್ ಲಿಪಿಯಲ್ಲಿ ಮೂರು ಪ್ರದೇಶಗಳವರು ಮೂರು ಬಗೆಯಲ್ಲಿ ಬರೆದಾಗ ಒಂದೇ ಹೆಸರು ಮೂರು ಹೆಸರುಗಳಾಗಿ ತೋರುತ್ತದೆ.

ಹಕಾರವು ಅನುನಾಸಿಕ ಅಥವಾ ಲಕಾರದೊಡನೆ ಸಂಯುಕ್ತವಾದಾಗ ವರ್ಣಪಲ್ಲಟ ಸಂಭವಿಸುತ್ತದೆ. 'ಬ್ರಹ್ಮಾನಂದ' ಎಂದು ಬರೆದುದನ್ನು 'ಬ್ರಮ್ಹಾನಂದ' ಎಂದೂ, 'ಪ್ರಹ್ಲಾದ' ಎಂಬುದನ್ನು 'ಪ್ರಲ್ಹಾದ' ಎಂದೂ ಓದುವುದು ವ್ಯಾಪಕ. ಮರಾಠಿ ಬರಹ ಈ ಪಲ್ಲಟವನ್ನು ಅಂಗೀಕರಿಸಿದೆ. ಆಚಾರ್ಯ ಅತ್ರೆ ಎಂದು ಪ್ರಸಿದ್ಧರಾದ ಲೇಖಕರ ಹೆಸರು ಮರಾಠಿಯಲ್ಲಿ 'ಪ್ರಲ್ಹಾದ ಕೇಶವ ಅತ್ರೆ' ಎಂದೇ ಮುದ್ರಣಗೊಳ್ಳುತ್ತದೆ. ಉತ್ತರ ಕರ್ನಾಟಕದಲ್ಲಿಯೂ 'ಪ್ರಲ್ಹಾದ' ರೂಪ ಬಳಕೆಯಲ್ಲಿದೆ. ದಕ್ಷಿಣದ ಬರಹಗಾರರು ಅದನ್ನು ಕಂಡಾಗ ಮುದ್ರಣದೋಷವೆಂದು ತಿದ್ದುವ ಸಂಭವ ಹೆಚ್ಚು.

ಸಂಸ್ಕೃತೇತರ ಮೂಲದ ಹೆಸರುಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಕನ್ನಡದ 'ಫ' ಅಕ್ಷರ ಪಕಾರದ ಮಹಾಪ್ರಾಣಕ್ಕಾಗಿ ಇರುವಂಥದು. ಅರಬ್ಬಿ, ಪಾರಸಿ ಹೆಸರುಗಳ ಘರ್ಷಧ್ವನಿಗೂ ಅದನ್ನೇ ಬಳಸಲಾಗುತ್ತದೆ. ಪರಿಣಾಮವಾಗಿ 'ಫಣೀಂದ್ರ' ಎಂಬ ಸಂಸ್ಕೃತ ಹೆಸರನ್ನು 'ಫಾತಿಮಾ' ಎಂಬುದರ ಘರ್ಷಧ್ವನಿಯಿಂದ ನುಡಿಯುವವರೂ, 'ಫಾತಿಮಾ'ವನ್ನು 'ಪಾತಿಮಾ' ಎನ್ನುವವರೂ ಇದ್ದಾರೆ. ಗದಗ ಜಿಲ್ಲೆಯ ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಪ್ರಭಾವವಿರುವ ಸೀಮೆಯಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಎಂಬ ಹೆಸರುಗಳು ಹಿಂದೂ ಮನೆತನಗಳಲ್ಲಿಯೂ ಇವೆ. ಅರಬ್ಬಿ ಪದಕ್ಕೆ ಕನ್ನಡದ 'ಅಪ್ಪ', 'ಅವ್ವ'ಗಳು ಸೇರಿದ ಇಂಥ ಹೆಸರಿಗೆ ಅರಬ್ಬಿ ಉಚ್ಚಾರಣೆಯನ್ನು ಆದರ್ಶವಾಗಿಡುವುದು ಅಸಂಗತ. ಅದರ ಶುದ್ಧರೂಪ ಆ ಸೀಮೆಯ ಮಾತಿನಲ್ಲಿಯೇ ಇದೆ.

ಅಂತ್ಯಸ್ವರ ಲೋಪ

ಕನ್ನಡದ ಜಾಯಮಾನ ಸ್ವರಾಂತವಾದುದು. ಹಿಂದಿಯಲ್ಲಿ ಪದಾಂತ್ಯದ ಅಕಾರ ಉಚ್ಚಾರಣೆಯಲ್ಲಿ ಲೋಪವಾಗುತ್ತದೆ. ಇಂಗ್ಲಿಷ್ ಬರಹ, ಹಿಂದೀ ಚಲನಚಿತ್ರ ಮತ್ತು ನಗರಜೀವನದ ಪ್ರಭಾವದಿಂದ ಸುರೇಶ, ಅಶೋಕ, ರಮೇಶಗಳು ಕನ್ನಡದಲ್ಲಿಯೂ ಸುರೇಶ್, ಅಶೋಕ್, ರಮೇಶ್ ಆದವು. ಆದರೆ ವಿಭಕ್ತಿ ಪ್ರತ್ಯಯ ಸೇರಿದೊಡನೆ ಮೂಲರೂಪದ ಪ್ರಶ್ನೆ ಮತ್ತೆ ತಲೆದೋರುತ್ತದೆ. 'ಸುರೇಶನಿಗೆ' ಎಂಬುದು ಸ್ವರಾಂತ ರೂಪದ ಮುಂದುವರಿಕೆಯಾದರೆ, 'ಸುರೇಶ್‌ಗೆ' ಎಂಬುದು ವ್ಯಂಜನಾಂತ ರೂಪದ್ದು.

ಗ್ರಂಥಾಲಯಗಳಿಗೆ ಈ ಭೇದ ನೇರವಾಗಿ ಸಂಬಂಧಿಸಿದುದು. ನಾಟಕಕಾರ ಕಾರ್ನಾಡರ (1938-2019) ಹೆಸರು ಧಾರವಾಡದಲ್ಲಿ ಪ್ರಕಟವಾದ ಅವರ ಕೃತಿಗಳ ಮೇಲೆ 'ಗಿರೀಶ ಕಾರ್ನಾಡ' ಎಂದಿದ್ದರೆ, ಪತ್ರಿಕೆಗಳಲ್ಲಿ 'ಗಿರೀಶ್ ಕಾರ್ನಾಡ್' ಎಂಬುದೇ ಹೆಚ್ಚು. ಗದಗದಲ್ಲಿ 1922ರಲ್ಲಿ ಜನಿಸಿದ ಗಾಯಕ ಭೀಮಸೇನ ಜೋಶಿ ಅವರು ಹಿಂದೀ ವಲಯದಲ್ಲಿ 'ಭೀಮ್‌ಸೇನ್' ಆದರು. 1954ರ 'ಬೇಡರ ಕಣ್ಣಪ್ಪ' ಚಿತ್ರದ ಮೂಲಕ ಮುತ್ತುರಾಜ ಎಂಬ ಹೆಸರಿನ ಬದಲು ಹೊಸ ಹೆಸರು ಪಡೆದ ನಟ, ಮುದ್ರಣದಲ್ಲಿ ರಾಜಕುಮಾರ್ ಎಂದೂ ರಾಜ್‌ಕುಮಾರ್ ಎಂದೂ ಉಳಿದಿದ್ದಾರೆ. ಎರಡನೆಯ ರೂಪವನ್ನು ಗಣಕದಲ್ಲಿ ಬರೆಯಬೇಕಾದರೆ ಜಕಾರ ಕಕಾರಗಳು ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಸೇರಿಸಬೇಕಾಗುತ್ತದೆ. ಶೋಧದ ವೇಳೆ ಆ ಸಂಕೇತವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಸೂಚಿಯಲ್ಲಿರುವ ಗ್ರಂಥವೇ ಇಲ್ಲವೆಂಬ ಉತ್ತರ ಬರಬಹುದು.

ರೋಮನ್ ಲಿಪಿಯ ಮಧ್ಯಸ್ಥಿಕೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಬಳಕೆಗೆ ಬಂದ ಹಂಟರ್ ಪದ್ಧತಿಯು ಋಕಾರವನ್ನು ರೋಮನ್ ಲಿಪಿಯಲ್ಲಿ 'ರಿ' ಎಂದು ಸೂಚಿಸಿತು. ಕನ್ನಡಿಗರು ತಾವು ರುಕಾರದಿಂದ ನುಡಿಯುವ ಹೆಸರನ್ನು ರಿಕಾರದಿಂದ ಬರೆಯುವ ರೂಢಿಗೆ ಈ ಪದ್ಧತಿ ಬಲ ಕೊಟ್ಟಿತು. ಇನ್ನೊಂದೆಡೆ ದಕ್ಷಿಣದವರು ತಕಾರವನ್ನು ಟಕಾರದಿಂದ ಬೇರ್ಪಡಿಸಲು 'ಟಿ' ಅಕ್ಷರದ ಮುಂದೆ 'ಎಚ್' ಸೇರಿಸುತ್ತಾರೆ. ಉತ್ತರದಲ್ಲಿ ಅದೇ ಜೋಡಿ ಥಕಾರದ ಸಂಕೇತ. ಹೀಗಾಗಿ ಮೈಸೂರಿನ ಲತಾ ದೆಹಲಿಯಲ್ಲಿ 'ಲಥಾ' ಆಗುವ ಸಾಧ್ಯತೆಯಿದೆ. ದೀರ್ಘ-ಹ್ರಸ್ವ, ಲಕಾರ-ಳಕಾರ, ನಕಾರ-ಣಕಾರಗಳ ಅಂತರವನ್ನು ರೂಢಿಯ ರೋಮನ್ ಬರಹ ತೋರಿಸುವುದೇ ಇಲ್ಲ.

ರೋಮನ್ ರೂಪ ಮರಳಿ ಕನ್ನಡಕ್ಕೆ ಬರುವಾಗ ಇನ್ನಷ್ಟು ಬದಲಾವಣೆಗಳಾಗುತ್ತವೆ. 'ಋಷಭ' ಎಂಬ ಸಂಸ್ಕೃತ ಹೆಸರಿನಿಂದ ಬಂದ ರೂಪ ಇಂದು 'ರಿಷಬ್' ಆಗಿ ಕನ್ನಡದಲ್ಲಿ ನೆಲೆಗೊಂಡಿದೆ. ಚಲನಚಿತ್ರ ನಟ-ನಿರ್ದೇಶಕ ರಿಷಬ್ ಶೆಟ್ಟಿ ಅವರ ಹೆಸರು ಹಾಗೆಯೇ ಮುದ್ರಣಗೊಳ್ಳುತ್ತದೆ. ಋಕಾರ, ಮಹಾಪ್ರಾಣ, ಅಂತ್ಯಸ್ವರ ಮೂರೂ ಇಲ್ಲಿ ಮರೆಯಾಗಿವೆ. ಎತ್ತು ಎಂಬ ಅರ್ಥದ ಎರಡು ಸಂಸ್ಕೃತ ಪದಗಳಲ್ಲಿ ಒಂದು ಬಾಯಿಮಾತಿನ ದಾರಿಯಲ್ಲಿ 'ಬಸವ'ವಾಯಿತು, ಇನ್ನೊಂದು ಆಧುನಿಕ ಬರಹದ ದಾರಿಯಲ್ಲಿ 'ರಿಷಬ್' ಆಯಿತು. ಎರಡನೆಯದನ್ನೂ ಇಂದಿನ ಕಾಲದ ತದ್ಭವವೆಂದು ಪರಿಗಣಿಸುವುದು ಯುಕ್ತ.

ಹೆಸರುಳ್ಳವರ ಅಧಿಕಾರ

ಲಿಪಿಯೂ ವ್ಯುತ್ಪತ್ತಿಯೂ ಅಂತಿಮ ತೀರ್ಪು ನೀಡಲಾರದ ಕಡೆ ಹೆಸರುಳ್ಳ ವ್ಯಕ್ತಿಯ ಬಳಕೆಯೇ ಪ್ರಮಾಣವಾಗಬೇಕು. 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದ ಕಮಲಾ ಹ್ಯಾರಿಸ್ ಅವರು, 2019ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ, ತಮ್ಮ ಹೆಸರಿನ ಆರಂಭವನ್ನು ಅಲ್ಪವಿರಾಮದ ಇಂಗ್ಲಿಷ್ ಹೆಸರಾದ 'ಕಾಮಾ'ದಂತೆ ಉಚ್ಚರಿಸಬೇಕೆಂದು ವಿವರಿಸಿದರು. ಹ್ರಸ್ವ ಕಕಾರದಿಂದ ಆರಂಭಿಸುವ ಕನ್ನಡಿಗರ ಕಿವಿಗೆ ಇದು ಅಪರಿಚಿತ. ಆದರೂ ಅದು ಅವರ ಹೆಸರು. ಸಂಸ್ಕೃತದ 'ಕಮಲ' ಶಬ್ದವನ್ನು ಮುಂದೊಡ್ಡಿ ಅದನ್ನು ತಿದ್ದಲಾಗದು.

ಕನ್ನಡದ ಒಳಗಿನ ನಿದರ್ಶನ ಇನ್ನೂ ಮಹತ್ವದ್ದು. ಆಡುಮಾತಿನಲ್ಲಿ ಪ್ರತ್ಯೇಕವಾಗಿ ಉಚ್ಚರಿಸದ ಮಹಾಪ್ರಾಣಾದಿ ಅಕ್ಷರಗಳನ್ನು ಬರಹದಿಂದಲೂ ಬಿಡಬೇಕೆಂದು ಪ್ರತಿಪಾದಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ನಂತರದ ಕೃತಿಗಳಲ್ಲಿ ಹೆಸರನ್ನೇ 'ಶಂಕರ ಬಟ್' ಎಂದು ಮುದ್ರಿಸಿದರು. ಅಕಾರಾದಿ ಸೂಚಿಯಲ್ಲಿ 'ಬಟ್', 'ಭಟ್'ಗಳು ಬೇರೆ ಬೇರೆ ವರ್ಣಗಳ ಕೆಳಗೆ ಬರುತ್ತವೆ. ಪರಸ್ಪರ ಸೂಚನೆ ಇಲ್ಲದಿದ್ದರೆ ಒಬ್ಬನೇ ವಿದ್ವಾಂಸನ ಕೃತಿಗಳು ಇಬ್ಬರವೆಂದು ತೋರುತ್ತವೆ.

ಈ ಹಿನ್ನೆಲೆಯಲ್ಲಿ ಗ್ರಂಥಸೂಚಿ, ಚರಿತ್ರಕೋಶಗಳಲ್ಲಿ ಕೆಲವು ಕ್ರಮಗಳನ್ನು ಅನುಸರಿಸುವುದು ಉಚಿತ. ಲೇಖಕರು ತಮ್ಮ ಕನ್ನಡ ಕೃತಿಗಳ ಶೀರ್ಷಿಕೆ ಪುಟದಲ್ಲಿ ಬಳಸಿದ ರೂಪವೇ ಮುಖ್ಯ ನಮೂದಾಗಬೇಕು. ಇತರ ರೂಪಗಳನ್ನು ತಿದ್ದದೆ, ಅಳಿಸದೆ, ಅಲ್ಲಿಂದ ಮುಖ್ಯ ನಮೂದಿಗೆ ಸೂಚನೆ ಕೊಡಬೇಕು. ವ್ಯಕ್ತಿಯು ರೂಢಿಯಲ್ಲಿ ಬಳಸುವ ರೋಮನ್ ಬರಹದ ಜೊತೆಗೆ 2001ರ ಐಎಸ್‌ಒ 15919ರಂತಹ, ಅಕ್ಷರಕ್ಕೆ ಅಕ್ಷರ ಹೊಂದುವ ಲಿಪ್ಯಂತರವನ್ನೂ ದಾಖಲಿಸಬೇಕು. ಉಚ್ಚಾರಣೆ ಬರಹಕ್ಕಿಂತ ಭಿನ್ನವಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಟಿಪ್ಪಣಿಸಬೇಕು. ಲಿಪ್ಯಂತರ ಅಕ್ಷರಗಳನ್ನು ಉಳಿಸುತ್ತದೆಯೇ ಹೊರತು ನುಡಿಯುವ ಬಗೆಯನ್ನಲ್ಲ.

ಒಟ್ಟಿನಲ್ಲಿ, ಹೆಸರುಗಳ ಉಚ್ಚಾರಣ ಭೇದವನ್ನು ಶುದ್ಧ-ಅಶುದ್ಧಗಳ ವ್ಯಾಜ್ಯವೆಂದು ನೋಡುವ ದೃಷ್ಟಿ ಕನ್ನಡದ ಪರಂಪರೆಗೆ ಅನುಗುಣವಾದುದಲ್ಲ. ಕನ್ನರ, ಬಿಟ್ಟಿಗ, ಬಸವ ಎಂಬ ರೂಪಗಳನ್ನು ಅಂದಿನ ಬರಹಗಾರರು ಸಂಸ್ಕೃತಕ್ಕೆ ತಿರುಗಿಸಿ ಬರೆದಿದ್ದರೆ ಆ ಕಾಲದ ನುಡಿಯನ್ನು ತಿಳಿಯುವ ಆಧಾರಗಳೇ ನಮಗೆ ಉಳಿಯುತ್ತಿರಲಿಲ್ಲ. ಇಂದಿನ ದಾಖಲೆಗಳು ನಾಳಿನ ಶಾಸನಗಳು. ಅವುಗಳಲ್ಲಿ ಹಣಮಂತನನ್ನು ಹಣಮಂತನೆಂದೇ ಬರೆಯುವುದು ಆ ವ್ಯಕ್ತಿಗೆ ಸಲ್ಲಬೇಕಾದ ನ್ಯಾಯ. ಭಾಷೆಯ ಚರಿತ್ರೆಗೆ ಸಲ್ಲುವ ಸೇವೆಯೂ ಅದೇ.