ಅರಾದ್ ಕೋಟೆಯ ಹೂಳಿಟ್ಟ ಗುಡಿ

ಪ್ರಾಚೀನ ಇಸ್ರಾಯೇಲರ ದೇವಾಲಯ ಎಂದೊಡನೆ ನಮ್ಮ ನೆನಪಿಗೆ ಬರುವುದು ಯೆರೂಸಲೇಮಿನಲ್ಲಿ ಸೊಲೊಮೋನನು ಕಟ್ಟಿಸಿದನೆಂದು ಬೈಬಲ್ ವರ್ಣಿಸುವ ಭವ್ಯಮಂದಿರ. ಕ್ರಿ. ಪೂ. 586ರ ಸುಮಾರಿನಲ್ಲಿ ಬಾಬಿಲೋನಿನ ಸೇನೆ ಅದನ್ನು ಸುಟ್ಟು ಕೆಡವಿತು. ಅನಂತರ ಅದೇ ಸ್ಥಳದಲ್ಲಿ ಎದ್ದ ಎರಡನೆಯ ಮಂದಿರವನ್ನು ಕ್ರಿ. ಶ. 70ರಲ್ಲಿ ರೋಮನರು ನಾಶಮಾಡಿದರು. ಮೊದಲನೆಯ ಮಂದಿರದ್ದೆಂದು ನಿಸ್ಸಂದೇಹವಾಗಿ ತೋರಿಸಬಹುದಾದ ಒಂದು ಕಲ್ಲೂ ಈವರೆಗೆ ದೊರೆತಿಲ್ಲ. ಹೀಗಿರುವಾಗ, ಆ ಕಾಲದ ಜನ ತಮ್ಮ ದೇವರನ್ನು ಹೇಗೆ ಪೂಜಿಸುತ್ತಿದ್ದರೆಂಬುದನ್ನು ಗ್ರಂಥದ ಮಾತಿನಿಂದಲ್ಲದೆ ವಸ್ತುಗಳಿಂದಲೇ ತಿಳಿಯುವುದು ಸಾಧ್ಯವೇ?

ಸಾಧ್ಯವೆಂಬ ಉತ್ತರ ಬಂದದ್ದು ಯೆರೂಸಲೇಮಿನಿಂದಲ್ಲ, ಅದರ ದಕ್ಷಿಣಕ್ಕೆ ನೆಗೆವ್ ಮರುಭೂಮಿಯ ಅಂಚಿನಲ್ಲಿರುವ ಅರಾದ್ ಎಂಬ ದಿಬ್ಬದಿಂದ. ಮೃತಸಮುದ್ರದ ಪಶ್ಚಿಮಕ್ಕಿರುವ ಈ ದಿಬ್ಬದ ಮೇಲೆ ಯೆಹೂದ ರಾಜ್ಯದ ಅರಸರ ಗಡಿಕೋಟೆಯೊಂದಿತ್ತು. ಅದು ಬಲು ಚಿಕ್ಕದು. ಒಂದೊಂದು ಪಾರ್ಶ್ವವೂ ಸುಮಾರು 50 ಮೀಟರ್. ಪುರಾತತ್ತ್ವಜ್ಞರಾದ ಯೊಹಾನಾನ್ ಅಹರೋನಿಯವರು 1962ರಿಂದ 1967ರವರೆಗೆ ಇಲ್ಲಿ ಉತ್ಖನನ ನಡೆಸಿದಾಗ, ಕೋಟೆಯ ವಾಯವ್ಯ ಮೂಲೆಯಲ್ಲಿ ಯಾರೂ ನಿರೀಕ್ಷಿಸದಿದ್ದ ಗುಡಿಯೊಂದು ಮಣ್ಣಿನಿಂದ ಹೊರಬಂದಿತು.

ಅದರ ವಿನ್ಯಾಸ ಹೀಗಿದೆ. ಪ್ರವೇಶ ಪೂರ್ವದಿಂದ. ಮೊದಲು ತೆರೆದ ಅಂಗಳ. ಅಲ್ಲಿ ಉಳಿಯ ಪೆಟ್ಟು ಕಾಣದ ಕಾಡುಗಲ್ಲು ಮತ್ತು ಮಣ್ಣಿನಿಂದ ಕಟ್ಟಿದ ಬಲಿಪೀಠ. ಬಲಿಪೀಠವನ್ನು ಕೆತ್ತಿದ ಕಲ್ಲಿನಿಂದ ಕಟ್ಟಬಾರದೆಂಬ ವಿಧಿ ವಿಮೋಚನಕಾಂಡದಲ್ಲಿದೆ. ಅದೇ ಗ್ರಂಥವು ಇನ್ನೊಂದೆಡೆ ಐದು ಮೊಳ ಉದ್ದ, ಐದು ಮೊಳ ಅಗಲದ ಪೀಠವನ್ನು ಹೇಳುತ್ತದೆ; ಅಹರೋನಿಯವರು ಅರಾದಿನ ಪೀಠದ ಅಳತೆಯೂ ಅಷ್ಟೇ ಎಂದು ಗುರುತಿಸಿದರು. ಅಂಗಳವನ್ನು ದಾಟಿದರೆ ಅಡ್ಡಗಲವಾದ ಒಂದು ಕೋಣೆ. ಅದರ ಪಶ್ಚಿಮದ ಗೋಡೆಯಲ್ಲಿ ಮೆಟ್ಟಿಲೇರಿ ಹೋಗುವ ಒಂದು ಗೂಡು. ಇದೇ ಗರ್ಭಗೃಹ. ನಮ್ಮ ದೇವಾಲಯಗಳನ್ನು ಬಲ್ಲ ಓದುಗರಿಗೆ ಈ ಕ್ರಮ ಅಪರಿಚಿತವೆನಿಸದು. ಆದರೆ ಒಳಗೆ ವಿಗ್ರಹವಿರಲಿಲ್ಲ. ತುದಿ ದುಂಡಗಿರುವ, ನಯಗೊಳಿಸಿದ ಒಂದು ನಿಲುಗಲ್ಲು ಮಾತ್ರವಿತ್ತು. ಗರ್ಭಗೃಹದ ಬಾಗಿಲಲ್ಲಿ ಸುಣ್ಣಕಲ್ಲಿನ ಎರಡು ಧೂಪಪೀಠಗಳು, ಒಂದು ಸುಮಾರು 52 ಸೆಂಟಿಮೀಟರ್ ಎತ್ತರ, ಇನ್ನೊಂದು ಸುಮಾರು 40. ಎರಡರ ನೆತ್ತಿಯ ಮೇಲೂ ಕಪ್ಪನೆಯ ಕಿಟ್ಟ ಅಂಟಿಕೊಂಡಿತ್ತು.

ಈ ಕಿಟ್ಟದ ವಿಷಯಕ್ಕೆ ಬರುವ ಮೊದಲು ಒಂದು ಸೋಜಿಗವನ್ನು ಗಮನಿಸಬೇಕು. ಧೂಪಪೀಠಗಳು ನಿಂತಿರಲಿಲ್ಲ. ಅವುಗಳನ್ನು ಪಕ್ಕಕ್ಕೆ ಮಲಗಿಸಿ ಮೇಲೆ ಮಣ್ಣು ಮುಚ್ಚಲಾಗಿತ್ತು. ಶತ್ರುಗಳು ನುಗ್ಗಿದ್ದರೆ ಒಡೆಯುತ್ತಿದ್ದರು, ಸುಡುತ್ತಿದ್ದರು. ಇಲ್ಲಿ ಬೆಂಕಿಯ ಗುರುತೂ ಇಲ್ಲ, ಒಡೆದ ಗುರುತೂ ಇಲ್ಲ. ಪೂಜಿಸುತ್ತಿದ್ದವರೇ ಗೌರವದಿಂದ ಗುಡಿಯನ್ನು ಹೂಳಿದರೆಂದು ಊಹಿಸದೆ ಗತ್ಯಂತರವಿಲ್ಲ. ಅವರಿಗೆ ಅಂಥ ಅಗತ್ಯವೇನು ಬಂದಿತ್ತು?

ಧರ್ಮೋಪದೇಶಕಾಂಡದ 12ನೆಯ ಅಧ್ಯಾಯವು ಯೆಹೋವನು ಆರಿಸಿಕೊಂಡ ಒಂದೇ ಸ್ಥಳದಲ್ಲಿ ಬಲಿಯರ್ಪಿಸಬೇಕೆಂದು ವಿಧಿಸುತ್ತದೆ. ಕ್ರಿ. ಪೂ. 8ನೆಯ ಶತಮಾನದ ಕೊನೆಯಲ್ಲಿ ಆಳಿದ ಹಿಜ್ಕೀಯ ರಾಜನು ಊರೂರಿನ ಪೂಜಾಸ್ಥಳಗಳನ್ನು ತೆಗೆಸಿ, ಜನರೆಲ್ಲರೂ ಯೆರೂಸಲೇಮಿನಲ್ಲಿಯೇ ಪೂಜಿಸಬೇಕೆಂದು ಕಟ್ಟು ಮಾಡಿದನೆಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಸುಮಾರು ಒಂದು ಶತಮಾನದ ಅನಂತರ ಯೋಷೀಯನು ಇದೇ ಕಾರ್ಯವನ್ನು ಇನ್ನಷ್ಟು ಕಠಿಣವಾಗಿ ನಡೆಸಿದನು. ಅರಾದಿನದು ಹಳ್ಳಿಗರು ಗುಟ್ಟಾಗಿ ನಡೆಸುತ್ತಿದ್ದ ಪೂಜೆಯಲ್ಲ. ಅದು ಅರಸನ ಕೋಟೆಯೊಳಗೆ, ಅರಸನ ಅಧಿಕಾರಿಗಳ ಕಣ್ಣೆದುರಿಗೇ ಇದ್ದ ಯೆಹೋವನ ಗುಡಿ. ಎಂದರೆ, ಒಂದೇ ದೇವಾಲಯವೆಂಬ ನಿಯಮ ಆದಿಯಿಂದಲೂ ಇದ್ದುದಲ್ಲ, ಒಂದು ಕಾಲದಲ್ಲಿ ಜಾರಿಗೆ ಬಂದುದು. ಈ ಗುಡಿಯ ಧಾರ್ಮಿಕ ಮಹತ್ತ್ವವೆಲ್ಲ ಇಲ್ಲಿದೆಯೆಂದು ನಾವು ಭಾವಿಸುತ್ತೇವೆ. ದೇವಾಲಯ ನಾಶವಾದ ಮೇಲೂ ಯೆಹೂದ್ಯರು ಬಲಿಪೀಠಗಳನ್ನು ಮನಬಂದಲ್ಲಿ ಕಟ್ಟದೆ ಪ್ರಾರ್ಥನೆ ಮತ್ತು ಗ್ರಂಥಪಠನಗಳತ್ತ ತಿರುಗಿದುದಕ್ಕೆ ಈ ನಿಯಮವೂ ಒಂದು ಕಾರಣ.

ಗುಡಿಯನ್ನು ಹೂಳಿದುದು ಯಾವಾಗ? ಅದು ಸೊಲೊಮೋನನ ಕಾಲದಿಂದ ಯೋಷೀಯನ ಕಾಲದವರೆಗೆ ಇತ್ತೆಂದು ಅಹರೋನಿಯವರ ಮತ. ಅದೇ ಪದರಗಳನ್ನು ಮರಳಿ ಪರಿಶೀಲಿಸಿದ ಜೀವ್ ಹೆರ್ಜೋಗ್ ಅವರು, ಗುಡಿ ಬಾಳಿದುದು ಕ್ರಿ. ಪೂ. 8ನೆಯ ಶತಮಾನದಲ್ಲಿ ಕೆಲವೇ ದಶಕಗಳ ಕಾಲವೆಂದೂ, ಹಿಜ್ಕೀಯನ ಸುಧಾರಣೆಯೇ ಅದನ್ನು ಮುಚ್ಚಿತೆಂದೂ ವಾದಿಸಿದರು. ಇದನ್ನೊಪ್ಪದ ವಿದ್ವಾಂಸರೂ ಇದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕೇಳಬಹುದು: ಇಂಗಾಲ-14ರಿಂದ ಕಾಲವನ್ನು ಅಳೆದು ವಿವಾದವನ್ನು ಬಗೆಹರಿಸಬಾರದೇಕೆ? ಇಂಗಾಲ-14ರ ಅರ್ಧಾಯುಷ್ಯ 5,730 ವರ್ಷ. ನೂರು ವರ್ಷಗಳಲ್ಲಿ ಅದು ಶೇಕಡ 1.2ರಷ್ಟು ಮಾತ್ರ ಕ್ಷಯಿಸುತ್ತದೆ. ದೈವವಶಾತ್ ಕ್ರಿ. ಪೂ. 800ರಿಂದ 400ರವರೆಗೆ ವಾಯುಮಂಡಲದಲ್ಲಿಯೂ ಅದರ ಪ್ರಮಾಣ ಸುಮಾರು ಅದೇ ದರದಲ್ಲಿ ಇಳಿಯುತ್ತ ಬಂದಿತು. ಆದುದರಿಂದ ಹಿಂದಿನ ಬೀಜವೊಂದು ಹೆಚ್ಚು ಇಂಗಾಲ-14ರಿಂದ ಹೊರಟು ಹೆಚ್ಚು ಕಳೆದುಕೊಂಡಿದೆ. ಮುಂದಿನದು ಕಡಿಮೆಯಿಂದ ಹೊರಟು ಕಡಿಮೆ ಕಳೆದುಕೊಂಡಿದೆ. ಇಂದು ಎರಡರಲ್ಲಿಯೂ ಉಳಿದಿರುವುದು ಹೆಚ್ಚುಕಡಿಮೆ ಒಂದೇ. ಹಿಜ್ಕೀಯನೂ ಯೋಷೀಯನೂ ಈ ಸಮತಟ್ಟಿನೊಳಗೇ ಬೀಳುತ್ತಾರೆ. ಭೌತಶಾಸ್ತ್ರದ ಉತ್ತಮ ಗಡಿಯಾರವೊಂದು ನಮಗೆ ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಹೀಗೆ ತೂಕಡಿಸುತ್ತದೆ.

ಇನ್ನು ಕಿಟ್ಟದ ಮಾತು. ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪೀಠಗಳ ಮೇಲೆ ಹಾಗೆಯೇ ಇದ್ದಿತು. ಎರಾನ್ ಅರಿಯೆ, ಬಾರೂಕ್ ರೋಸೆನ್ ಮತ್ತು ದ್ವೋರಿ ನಮ್ದಾರ್ ಎಂಬ ಸಂಶೋಧಕರು ಅದರ ಕಣಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂಥ ಪರೀಕ್ಷೆಯ ತತ್ತ್ವ ಸರಳ. ಕಿಟ್ಟವನ್ನು ದ್ರಾವಕದಲ್ಲಿ ಕರಗಿಸಿ, ಕಾಯಿಸಿ ಆವಿಮಾಡಿ, ಹತ್ತಾರು ಮೀಟರ್ ಉದ್ದದ, ಕೂದಲಿನಷ್ಟು ಕಿರಿದಾದ ರಂಧ್ರದ ಸುರುಳಿಕೊಳವೆಯೊಳಗೆ ಅನಿಲವೊಂದರ ಜೊತೆಯಲ್ಲಿ ಹಾಯಿಸುತ್ತಾರೆ. ಕೊಳವೆಯ ಒಳಲೇಪಕ್ಕೆ ಕೆಲವು ಅಣುಗಳು ಹೆಚ್ಚು ಅಂಟುತ್ತವೆ, ಕೆಲವು ಕಡಿಮೆ. ಜಾತ್ರೆಗೆ ಒಟ್ಟಿಗೆ ಹೊರಟವರಲ್ಲಿ ಅಂಗಡಿ ಅಂಗಡಿಗೂ ನಿಲ್ಲುವವರು ಕಡೆಗೆ ತಲಪುವಂತೆ ಅವು ಬೇರೆ ಬೇರೆ ಹೊತ್ತಿಗೆ ಹೊರಬೀಳುತ್ತವೆ. ಹೊರಬಿದ್ದ ಅಣುಗಳನ್ನು ಎಲೆಕ್ಟ್ರಾನುಗಳಿಂದ ಹೊಡೆದು ಚೂರುಮಾಡಿ, ಆ ಚೂರುಗಳ ರಾಶಿಯನ್ನು ಅಳೆಯಲಾಗುತ್ತದೆ. ಒಂದೊಂದು ಪದಾರ್ಥವೂ ಒಡೆಯುವ ರೀತಿ ಬೇರೆ. ಬೆರಳ ಗುರುತಿನಂತೆ ಅದರಿಂದಲೇ ಪದಾರ್ಥ ಪತ್ತೆಯಾಗುತ್ತದೆ.

ದೊಡ್ಡ ಪೀಠದ ಮೇಲೆ ಬಾಸ್ವೆಲಿಕ್ ಆಮ್ಲ ಮೊದಲಾದುವು ದೊರೆತುವು. ಇವು ಬಾಸ್ವೆಲಿಯ ಕುಲದ ಮರಗಳ ರಾಳದಲ್ಲಿರುವ ವಸ್ತುಗಳು. ನಮ್ಮ ಒಣಕಾಡುಗಳ ಶಲ್ಲಕಿಯೂ ಅದೇ ಕುಲದ ಮರ. ಆದರೆ ಬೈಬಲಿನ ಕಾಲದ ಧೂಪ ಬರುತ್ತಿದ್ದುದು ದಕ್ಷಿಣ ಅರೇಬಿಯದಿಂದ, ಒಂಟೆಗಳ ಮೇಲೆ. ಅದರೊಡನೆ ಪ್ರಾಣಿಗಳ ಕೊಬ್ಬು ಬೆರೆತಿತ್ತು. ಧೂಪ ದೊರೆತುದು ಆಶ್ಚರ್ಯವಲ್ಲ. ಸಣ್ಣ ಪೀಠದ ಮೇಲೆ ದೊರೆತುದಾದರೋ ಗಾಂಜಾ! ಅದರ ಮಾದಕದ್ರವ್ಯವೂ ಇತರ ಸಂಯುಕ್ತಗಳೂ ಸಗಣಿಯ ಅಂಶದೊಡನೆ ಪತ್ತೆಯಾದುವು. ಸಗಣಿಯೇಕೆಂದು ನಮ್ಮ ಹಳ್ಳಿಯ ಓದುಗರಿಗೆ ಹೇಳಬೇಕಾಗಿಲ್ಲ. ಬೆರಣಿಯ ಬೆಂಕಿ ಉರಿಯದೆ ಮೆಲ್ಲಗೆ ಕನಲುತ್ತದೆ. ಗಾಂಜಾದ ಸಾರ ಸುಟ್ಟುಹೋಗದೆ ಹೊಗೆಯಾಗಿ ಏಳಬೇಕಾದರೆ ಇಂಥ ಮಂದವಾದ ಕಾವೇ ಬೇಕು. ಧೂಪಕ್ಕೆ ಇನ್ನೂ ಹೆಚ್ಚಿನ ಉಷ್ಣತೆ ಬೇಕು. ಕೊಬ್ಬು ಅದನ್ನು ಒದಗಿಸುತ್ತದೆ. ಎರಡು ದ್ರವ್ಯಗಳಿಗೂ ತಕ್ಕ ಇಂಧನವನ್ನು ಆ ಅರ್ಚಕರು ಅರಿತಿದ್ದರು.

ವಿಮೋಚನಕಾಂಡದ 30ನೆಯ ಅಧ್ಯಾಯ ಧೂಪದ ದ್ರವ್ಯಗಳನ್ನು ಹೆಸರಿಸುವಾಗ ಗಾಂಜಾವನ್ನು ಹೇಳುವುದಿಲ್ಲ. ಸುವಾಸನೆಗಾಗಿಯೇ ಆಗಿದ್ದರೆ ಅಗ್ಗದ ಗಿಡಮೂಲಿಕೆಗಳು ಹತ್ತಿರದಲ್ಲಿಯೇ ಇದ್ದುವು. ಆದುದರಿಂದ ಮತ್ತನ್ನು ಬಯಸಿಯೇ ಇದನ್ನು ತರಿಸಿದರೆಂದು ಸಂಶೋಧಕರ ಅಭಿಪ್ರಾಯ. ಅದು ಯುಕ್ತವಾಗಿಯೇ ತೋರುತ್ತದೆ. ಆದರೆ ಈ ಹೊಗೆಯನ್ನು ಉಸಿರಾಡಿದವರು ತಮಗೆ ಬಂದುದನ್ನು ಮತ್ತೆಂದು ಎಣಿಸಿದರೋ ದೇವರ ಸಾನ್ನಿಧ್ಯವೆಂದು ಎಣಿಸಿದರೋ, ಅದನ್ನು ಯಾವ ಉಪಕರಣವೂ ಅಳೆಯಲಾರದು. ಯೆರೂಸಲೇಮಿನಲ್ಲಿಯೂ ಹೀಗೆಯೇ ನಡೆಯುತ್ತಿತ್ತೆಂದು ಈ ಒಂದು ಪೀಠದ ಬಲದಿಂದ ಹೇಳಿಬಿಡುವುದು ಅವಸರವಾದೀತು.

ಕಿಟ್ಟ ಉಳಿದುದಕ್ಕೆ ಮರುಭೂಮಿಯ ಒಣಹವೆಯಷ್ಟೇ ಗುಡಿಯನ್ನು ನಿಲ್ಲಿಸಲೆಂದು ಹಾಕಿದ ಆ ಮಣ್ಣೂ ಕಾರಣ. ನೆರೆಯ ಬೇರ್ಷೆಬದ ಬಲಿಪೀಠಕ್ಕೆ ಇಂಥ ಭಾಗ್ಯವಿರಲಿಲ್ಲ. ಅದನ್ನು ಬಿಚ್ಚಿ ಕಲ್ಲುಗಳನ್ನು ಉಗ್ರಾಣದ ಗೋಡೆಗೆ ಸೇರಿಸಿಬಿಟ್ಟಿದ್ದರು. 1973ರಲ್ಲಿ ಗೋಡೆಯಿಂದ ಕೊಂಬಿನಾಕಾರದ ಮೂಲೆಗಲ್ಲುಗಳು ಹೊರಬಿದ್ದಾಗಲೇ ಅದರ ಸಂಗತಿ ತಿಳಿದುದು. ಅರಾದಿನ ಗರ್ಭಗೃಹವನ್ನು ಮೂಲದ ಕಲ್ಲುಗಳಿಂದಲೇ ಯೆರೂಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ದಿಬ್ಬದ ಮೇಲೆ ಇಂದು ಕಾಣುವ ಧೂಪಪೀಠಗಳು ಅವುಗಳ ಪ್ರತಿಕೃತಿಗಳು.