ನಾಲಿಗೆಗೂ ಒಂದು ಪರೀಕ್ಷೆ

"ಅಕ್ಕಾರ, ನನ್ನ ಮಗಳು ಬಿಯರ್ ಕುಡಿಯೋ ಪರೀಕ್ಷೆಗೆ ಕೂಡ್ತಾಳಂತ್ರೀ! ಹಳಿಯಾಳದ ಕಡೆಯಿಂದ ಸಂಬಂಧ ಬಂದದ. ಅವರು ಕೇಳಿದ್ರ ಏನಂತ ಹೇಳ್ಲಿ?"

ದಾಂಡೇಲಿಯ ಗೆಳತಿಯೊಬ್ಬರು ಫೋನಿನಲ್ಲಿ ಹೀಗೆ ಕೇಳಿದಾಗ ಅವರ ದನಿ ನಡುಗುತ್ತಿತ್ತು. ನಗಬೇಡಿ. ಅವರ ತಂದೆ ಸಂಬಳದ ದಿನ ನೆಟ್ಟಗೆ ಮನೆಗೆ ಬಂದವರೇ ಅಲ್ಲ. ಕುಡಿತದಿಂದ ಸಂಸಾರ ಹಾಳಾದದ್ದನ್ನು ಕಣ್ಣಾರೆ ಕಂಡವರಿಗೆ ಆ ಹೆಸರು ಕೇಳಿದರೇ ಹೊಟ್ಟೆ ಉರಿಯುತ್ತದೆ, ಹೌದಲ್ಲವೇ?

ಮಗಳು ಆಹಾರ ತಂತ್ರಜ್ಞಾನ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತಾಯಿಗೆ ಅವಳು ಕೊಟ್ಟ ಉತ್ತರ ಒಂದೇ: "ಅವ್ವಾ, ಇದು ಕುಡಿಯೋ ಪರೀಕ್ಷೆ ಅಲ್ಲ, ರುಚಿ ಹೇಳೋ ಪರೀಕ್ಷೆ."

ಇದೇನಿದು ಹೊಸ ವಿದ್ಯೆ ಎಂದು ಮೂಗು ಮುರಿಯುವ ಮುನ್ನ ಸ್ವಲ್ಪ ಕೇಳಿ. ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಈ ವ್ಯವಸ್ಥೆ ಅಮೆರಿಕದಲ್ಲಿ 1985ರಲ್ಲಿ ಶುರುವಾಯಿತು. ಮೊದಲು ಕಂಪ್ಯೂಟರಿನಲ್ಲಿ ಪ್ರವೇಶ ಪರೀಕ್ಷೆ: 60 ನಿಮಿಷ, 180 ಪ್ರಶ್ನೆ. ಲೆಕ್ಕ ಹಾಕಿ, ಒಂದು ಪ್ರಶ್ನೆಗೆ ಇಪ್ಪತ್ತೇ ಸೆಕೆಂಡು! ಪುಸ್ತಕ ತಿರುವುತ್ತ ಕೂತರೆ ಆಯಿತು ಕಥೆ. ಪಾಸಾದವರು ಒಂದು ವರ್ಷದೊಳಗೆ ರುಚಿ ಪರೀಕ್ಷೆಗೆ ಕೂರಬೇಕು. ಅಲ್ಲಿ 90 ನಿಮಿಷದಲ್ಲಿ ಆರು ಬಗೆಯ ಬಿಯರು. ಒಂದೊಂದಕ್ಕೂ ಹದಿನೈದು ನಿಮಿಷ. ಕುಡಿಯುವುದು ಒಂದೆರಡು ಗುಟುಕು. ಉಳಿದ ಹೊತ್ತೆಲ್ಲ ಬರೆಯುವುದೇ. ಒಟ್ಟು 50 ಅಂಕದಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. 'ಚೆನ್ನಾಗಿದೆ' ಎಂದಷ್ಟೇ ಬರೆದರೆ ಫೇಲು. ಯಾಕೆ ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ, ಹೇಗೆ ಸರಿಮಾಡಬೇಕು, ಎಲ್ಲವನ್ನೂ ತಯಾರಿಸಿದವನಿಗೆ ತಿಳಿಯುವಂತೆ ಬರೆಯಬೇಕು.

ಅಂದ ಹಾಗೆ, ಈ ಬಿಯರಿನ ಮೂಲ ಏನು ಗೊತ್ತೇ? ನಾವು ಉರಿಮೂತ್ರಕ್ಕೆ ಕುದಿಸಿ ಕುಡಿಯುವ ಅದೇ ಬಾರ್ಲಿ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಗುವಿಗೆ ಹಿಟ್ಟು ಮಾಡುವುದಿಲ್ಲವೇ? ಬಾರ್ಲಿಗೂ ಅದೇ ಸಂಸ್ಕಾರ. ಆಮೇಲೆ ಅದನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆದು, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುಳಿಯಲು ಬಿಡುತ್ತಾರೆ. ನಮ್ಮ ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರಿಗೂ ಇಂಥದೊಂದು ಪದ್ಧತಿ ಉಂಟು. ಬಾರ್ಲಿ ಅಥವಾ ಅಕ್ಕಿಯನ್ನು ಬೇಯಿಸಿ ಹುಳಿಸಿದ ಛಾಂಗ್ ಅವರ ಹೊಸವರ್ಷ ಲೋಸರ್‌ನ ಹಳೆಯ ಪಾನೀಯ.

ಹುಳಿ ಬರಿಸುವ ವಿದ್ಯೆ ಅಡುಗೆಮನೆಗೆ ಹೊಸದೇನಲ್ಲ. ಮುಚ್ಚಳ ತೆಗೆದ ಕೂಡಲೇ ದೋಸೆಹಿಟ್ಟು ಹದವೋ, ಅತಿಯೋ ಎಂದು ಮೂಗೇ ಹೇಳುವುದಿಲ್ಲವೇ? ಜೋಯಿಡಾದ ಕುಣಬಿ ಹೆಂಗಸರನ್ನು ಕೇಳಿ ನೋಡಿ. ಯಾವ ಗೆಡ್ಡೆ ಬೇಗ ಬೇಯುತ್ತದೆ, ಯಾವುದು ಗಂಟಲು ತುರಿಸುತ್ತದೆ ಎಂದು ಅವರಿಗೆ ಬಾಯಿಪಾಠ. ನಮಗೆ ಗೊತ್ತಿರುತ್ತದೆ, ಹೇಳಲು ಮಾತ್ರ ಬರುವುದಿಲ್ಲ. ಪರೀಕ್ಷೆ ಕೇಳುವುದು ಆ ಮಾತನ್ನೇ.

ದೋಷಗಳ ಪಟ್ಟಿ ನೋಡಿದರೆ ನಿಮಗೂ ಆಶ್ಚರ್ಯವಾದೀತು. ಬಿಯರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ನಮ್ಮ ಬೆಣ್ಣೆಗೆ ಘಮ ಕೊಡುವುದೂ ಅದೇ. ಬೇಯಿಸಿದ ಮೆಕ್ಕೆಜೋಳ, ಎಲೆಕೋಸಿನ ವಾಸನೆ ಬಂದರೆ ಗಂಧಕ ಸೇರಿದ ಒಂದು ವಸ್ತು ಉಳಿದುಕೊಂಡಿದೆ ಎಂದರ್ಥ. ಹಸಿ ಸೇಬಿನ ವಾಸನೆ ಇದ್ದರೆ ಇನ್ನೂ ಪೂರ್ತಿ ಹದಕ್ಕೆ ಬಂದಿರಲಿಕ್ಕಿಲ್ಲ. ಹಳತಾಗಿ ಗಾಳಿ ಸೋಕಿದ್ದರೆ ಒದ್ದೆ ರಟ್ಟಿನ ವಾಸನೆ. ಕಾಗದದ ಕಾರ್ಖಾನೆಯ ಊರಾದ ದಾಂಡೇಲಿಯ ಹುಡುಗಿಗೆ ಅದನ್ನು ಬೇರೆ ಯಾರಾದರೂ ಕಲಿಸಬೇಕೇ? ಬಾಳೆಹಣ್ಣು, ಲವಂಗದ ವಾಸನೆಯೋ, ಒಂದು ಬಗೆಯಲ್ಲಿ ದೋಷ. ಜರ್ಮನಿಯ ಗೋಧಿ ಬಿಯರಿನಲ್ಲಿ ಅದೇ ಗುಣ!

ಮನೆಯಲ್ಲೇ ಅಭ್ಯಾಸ

ನಾಲಿಗೆಯನ್ನು ಪಳಗಿಸಲು ಬಿಯರೇ ಬೇಕೆಂದಿಲ್ಲ. ಮಗಳು ರಜಕ್ಕೆ ಬಂದಾಗ ತಾಯಿಯೊಡನೆ ಆಡಿದ ಆಟ ಇದು, ನೀವೂ ಆಡಿ. ಒಂದೇ ತರಹದ ಮೂರು ಲೋಟಗಳಲ್ಲಿ ಸಮನಾಗಿ ಮಜ್ಜಿಗೆ ಹಾಕಿ. ಎರಡಕ್ಕೆ ಒಂದೇ ಅಳತೆ ಉಪ್ಪು, ಮೂರನೆಯದಕ್ಕೆ ಒಂದು ಚಿಟಿಕೆ ಹೆಚ್ಚು. ತಳಕ್ಕೆ ಗುರುತು ಹಚ್ಚಿ, ಬೇರೆಯವರು ಜಾಗ ಬದಲಿಸಲಿ. ಬೇರೆಯದು ಯಾವುದು, ಹೇಳಿ! ಮಸಾಲೆ ಡಬ್ಬಿಗಳನ್ನು ಕಣ್ಣು ಮುಚ್ಚಿ ಮೂಸಿ ಗುರುತಿಸಿ. ಅನ್ನಿಸಿದ್ದನ್ನು ಆಗಲೇ ಒಂದು ವಹಿಯಲ್ಲಿ ಬರೆದಿಡಿ. ಅಭ್ಯಾಸಕ್ಕೆ ಮುಂಚೆ ಖಾರ, ಕಾಫಿ, ಎಲೆಅಡಿಕೆ ಬೇಡ. ಮಧ್ಯೆ ಮಧ್ಯೆ ತಣ್ಣೀರಿನಿಂದ ಬಾಯಿ ಮುಕ್ಕಳಿಸಿ. ಮಲ್ಲಿಗೆ ಮುಡಿದು, ಊದುಬತ್ತಿ ಹಚ್ಚಿ ಕೂತಿರೋ, ಮೂಗು ಕೆಲಸ ಮಾಡದು.

ಮದ್ಯದ ಸಹವಾಸವೇ ಬೇಡ ಎನ್ನುವವರಿಗೂ ಇದೇ ವಿದ್ಯೆಯ ಇನ್ನೊಂದು ದಾರಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಸುನಾಲಿನಿ ಮೆನನ್ 1972ರಲ್ಲಿ ಕಾಫಿ ಬೋರ್ಡಿಗೆ ಸೇರಿ ಕಾಫಿಯ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡರು. ಏಷ್ಯದಲ್ಲೇ ಈ ವೃತ್ತಿಗೆ ಬಂದ ಮೊದಲ ಮಹಿಳೆ ಎಂಬ ಹೆಸರು ಅವರದು. ಅಲ್ಲಿ ಚಮಚೆಯಲ್ಲಿ ಸೊರ್ರೆಂದು ಹೀರಿ, ರುಚಿ ನೋಡಿ ಉಗುಳಿಬಿಡುತ್ತಾರೆ. ವಿಜ್ಞಾನ ಓದಿದವರಿಗೆ ಕಾಫಿ ಬೋರ್ಡು ಕಾಫಿ ಗುಣಮಟ್ಟದ ಬಗ್ಗೆ ಒಂದು ವರ್ಷದ ಡಿಪ್ಲೊಮಾ ನಡೆಸುತ್ತ ಬಂದಿದೆ.

ಮಜ್ಜಿಗೆಯ ಆಟದಲ್ಲಿ ಗೆದ್ದವರು ಯಾರು ಅಂತೀರಿ? ತಾಯಿ! ಮೂರು ಸಲವೂ ತಪ್ಪಲಿಲ್ಲ. ಮಗಳು ಒಮ್ಮೆ ತಪ್ಪಿದಳು. ಅವತ್ತು ಗೆಳತಿಯ ಮನಸ್ಸು ಹಗುರಾಯಿತಂತೆ. ಹಾಗೆಂದು ಭಯ ಪೂರ್ತಿ ಹೋಗಿಲ್ಲ. ಮಗಳಿಗೆ ಒಂದು ಮಾತು ಹೇಳಿದ್ದಾರೆ: "ಪರೀಕ್ಷೆ ಮುಗಿದ ಮ್ಯಾಲೆ ಗ್ಲಾಸು ಅಲ್ಲೇ ಇಟ್ಟು ಬಾ." ಮಗಳು ಹೂಂ ಅಂದಿದ್ದಾಳೆ.

ಹಳಿಯಾಳದವರಿಗೆ? ಮುಚ್ಚಿಡದೆ ಇದ್ದದ್ದನ್ನೇ ಹೇಳಿದರು. ಅವರು ಯೋಚಿಸಿ ತಿಳಿಸುತ್ತೇವೆ ಎಂದಿದ್ದಾರೆ. ಯೋಚಿಸಲಿ ಬಿಡಿ. ನಾಳೆ ಸಾರಿಗೆ ಉಪ್ಪು ನೋಡುವಾಗ ನೀವೂ ಒಂದು ಕ್ಷಣ ನಿಂತು, ಆ ರುಚಿಗೆ ಹೆಸರಿಟ್ಟು ನೋಡಿ. ನಮ್ಮ ನಾಲಿಗೆಯ ಜಾಣತನಕ್ಕೆ ಮೊದಲು ನಾವೇ ಬೆಲೆ ಕೊಡೋಣ, ಏನಂತೀರಿ?